ಎಡಗಾಲು ರಿಟೈರಾಯಿತು, ಎಡಗೈ ಒಪ್ಪಲಿಲ್ಲ

“41 ಸಲ” ಎಂದರು ಕೊಟ್ರಪ್ಪ ಮೇಷ್ಟ್ರು, ಮೆಣಸಿನಕಾಯಿಯ ತೊಟ್ಟು ಹಿಡಿದುಕೊಂಡು. “ದಾವಣಗೆರೆಯಿಂದ ದುರ್ಗಕ್ಕೆ ಹೋಗಿ ಬರುವಷ್ಟರಲ್ಲಿ ರುದ್ರೇಶಿ 41 ಸಲ ಗೇರು ಬದಲಾಯಿಸಿದ. ನಾನು ಪಕ್ಕದಲ್ಲೇ ಕೂತು ಎಣಿಸಿದ್ದೀನಿ. ಅದೂ ತಾನೇ ಗೇರು ಬದಲಾಯಿಸಿಕೊಳ್ಳೋ ಆಟೋಮ್ಯಾಟಿಕ್ ಗಾಡಿಯಲ್ಲಿ!”

“ಎಣಿಸಿದ್ದು ನಿಮ್ಮ ತಪ್ಪು” ಎಂದ ರುದ್ರೇಶಿ.

“ಮತ್ತೇನು ಮಾಡಲಿ? ಮಾತಾಡೋಣ ಅಂದರೆ ‘ತಡೀರಿ ಮೇಷ್ಟ್ರೇ, ಐದಕ್ಕೆ ಹಾಕ್ತೀನಿ’ ಅಂತಿದ್ದೆ. ಮೊದಲೆಲ್ಲ ಡ್ರೈವರುಗಳು ಗೇರು ಹಾಕುತ್ತಿದ್ದರು, ಹಾಕ್ತೀನಿ ಅಂತ ಹೇಳುತ್ತಿರಲಿಲ್ಲ.”

ಭಾನುವಾರ ಸಂಜೆ. ಮಂಡಕ್ಕಿ ಅಂಗಡಿಯ ಬೆಂಚು. ಎದುರಿಗೇ ರುದ್ರೇಶಿಯ ಹೊಸ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಪೂಜೆಯ ಅರಿಶಿನ ಕುಂಕುಮ ಇನ್ನೂ ಹಸಿಯಾಗಿತ್ತು. ಸಿದ್ದಣ್ಣ ಎರಡನೇ ಪ್ಲೇಟಿನಲ್ಲಿದ್ದ. ಅವನು ಎರಡನೇ ಪ್ಲೇಟು ಮುಗಿಯುವವರೆಗೆ ಯಾರ ಪರವೂ ವಹಿಸುವುದಿಲ್ಲ.

“ನೀವೆಲ್ಲ ಆ ಹೈವೇ ನೋಡಿದ್ದೀರಲ್ಲ” ಎಂದು ಮೇಷ್ಟ್ರು ಮುಂದುವರಿಸಿದರು. “ಆನಗೋಡು ದಾಟಿದರೆ ಭರಮಸಾಗರ, ಅದು ದಾಟಿದರೆ ದುರ್ಗ. ಸುಮಾರು 60 ಕಿಲೋಮೀಟರು. ಇಸ್ತ್ರಿ ಮಾಡಿ ಹಾಸಿದ ಪಂಚೆ ಹಾಗಿದೆ ರಸ್ತೆ. ಅಲ್ಲಿ ಯಾವ ಘಾಟಿ ಹತ್ತಬೇಕಿತ್ತಪ್ಪಾ?”

“ದುರ್ಗದ ಹತ್ತಿರ ಗುಡ್ಡ ಇದೆಯಲ್ಲ.”

“ಇದೆ. ಗುಡ್ಡದ ಮೇಲೆ ಗಾಳಿ ಫ್ಯಾನುಗಳಿವೆ. ಫ್ಯಾನು ಮೇಲೆ ಹತ್ತಿದೆ, ರಸ್ತೆ ಹತ್ತಿಲ್ಲ.”

“ಆ ಫ್ಯಾನುಗಳಲ್ಲೂ ಬಹಳಷ್ಟರ ಒಳಗೆ ಗೇರ್ ಬಾಕ್ಸ್ ಇರುತ್ತೆ ಮೇಷ್ಟ್ರೇ” ಎಂದ ಗ್ಯಾರೇಜಿನ ಮಂಜ. “ರೆಕ್ಕೆ ನಿಧಾನಕ್ಕೆ ತಿರುಗುತ್ತೆ, ಕರೆಂಟು ಮಾಡೋ ಜನರೇಟರು ಜೋರಾಗಿ ತಿರುಗಬೇಕು. ಅದಕ್ಕೆ.”

“ಇರಲಿ ಬಿಡು. ಯಾರೂ ಅದರ ಮೇಲೆ ಹತ್ತಿ ಕೂತು ಪ್ಲಸ್ಸು ಮೈನಸ್ಸು ಅಂತ ಒತ್ತುತ್ತಾ ಇಲ್ಲವಲ್ಲ.” ಮೇಷ್ಟ್ರು ರುದ್ರೇಶಿಯ ಕಡೆ ತಿರುಗಿದರು. “ಗೇರಿನ ಗಾಡಿಗಿಂತ ಒಂದೂಕಾಲು ಲಕ್ಷ ಜಾಸ್ತಿ ಕೊಟ್ಟೆ. ಯಾಕೆ? ಎಡಗಡೆ ಮೊಣಕಾಲು ನೋವು, ಕ್ಲಚ್ಚು ಒತ್ತೋಕಾಗಲ್ಲ ಅಂತ. ಸರಿ, ಎಡಗಾಲಿಗೆ ರಿಟೈರ್ಮೆಂಟು ಕೊಟ್ಟೆ. ಎಡಗೈಗೂ ಒಂದು ಹಾರ ಹಾಕಿ ಕಳಿಸಬಾರದಿತ್ತಾ? ದುಡ್ಡು ಕೊಟ್ಟು ಅಡುಗೆಯವರನ್ನ ಗೊತ್ತು ಮಾಡಿ, ಒಗ್ಗರಣೆ ಮಾತ್ರ ನಾನೇ ಹಾಕ್ತೀನಿ ಅಂತ ಒಲೆ ಮುಂದೆ ನಿಂತ ಹಾಗಾಯಿತು.”

“ಒಗ್ಗರಣೆ ಅವರಿಗೆ ಬಿಡಲೇಬಾರದು” ಎಂದ ಸಿದ್ದಣ್ಣ. “ಕರಿಬೇವು ಸೀದು ಹೋಗುತ್ತೆ.”

ಅಲ್ಲಿಂದ ಮಾತು ಕರಿಬೇವಿಗೆ ಹೋಯಿತು, ಕರಿಬೇವಿನಿಂದ ಯಾರದೋ ಮದುವೆ ಊಟಕ್ಕೆ ಹೋಯಿತು. ಅದನ್ನು ವಾಪಸ್ ರಸ್ತೆಗೆ ತಂದವನು ರುದ್ರೇಶಿಯೇ. ಬಯ್ಯಿಸಿಕೊಳ್ಳುವವನಿಗೂ ವಿಷಯ ತನ್ನದೇ ಇರಬೇಕು.

“ಕಂಟ್ರೋಲು ಮೇಷ್ಟ್ರೇ, ಕಂಟ್ರೋಲು. ಡಿ ಗೆ ಹಾಕಿದರೆ ಗಾಡಿ ತನ್ನ ಪಾಡಿಗೆ ತಾನು ಓಡುತ್ತೆ. ಎಂ ಗೆ ಹಾಕಿದರೆ ನಾನು ಹೇಳಿದ ಹಾಗೆ ಕೇಳುತ್ತೆ. ಮುಂದಕ್ಕೆ ನೂಕಿದರೆ ಪ್ಲಸ್ಸು, ಗೇರು ಏರುತ್ತೆ. ಹಿಂದಕ್ಕೆ ಎಳೆದರೆ ಮೈನಸ್ಸು, ಇಳಿಯುತ್ತೆ. ನನ್ನ ಮಗನ ಗಾಡಿಯಲ್ಲಿ ಮಾತ್ರ ಉಲ್ಟಾ.”

“ನೋಡಿದೆಯಾ, ಅಪ್ಪನ ಪ್ಲಸ್ಸು ಮಗನಿಗೆ ಮೈನಸ್ಸು. ಅದಕ್ಕೆ ಕಾರೇ ಬೇಕಿರಲಿಲ್ಲ. ಹೇಳಿದ ಹಾಗೆ ಕೇಳುತ್ತೆ ಅಂದೆಯಲ್ಲ, ಟೋಲ್ ಹತ್ತಿರ ಏನಾಯಿತು ಹೇಳು. ನಾಲ್ಕರಲ್ಲೇ ಬಂದು ನಿಲ್ಲಿಸಿದೆ, ಗೇರು ಇಳಿಸೋದೇ ಮರೆತೆ. ಗೇರಿನ ಗಾಡಿ ಆಗಿದ್ದರೆ ಗಡಗಡ ನಡುಗಿ ಆಫ್ ಆಗುತ್ತಿತ್ತು. ಹಿಂದಿನ ಲಾರಿಯವನು ನಿನ್ನ ವಂಶವನ್ನೆಲ್ಲ ನೆನೆಯುತ್ತಿದ್ದ. ಇದು? ಸದ್ದಿಲ್ಲದೆ ತಾನೇ ಒಂದಕ್ಕೆ ಇಳಿಯಿತು. ನೀನು ನೋಡಲೂ ಇಲ್ಲ. ವಾಪಸ್ ಬರುವಾಗ 100ರಲ್ಲಿ ಹೋಗುತ್ತಾ ಮೈನಸ್ಸು, ಮೈನಸ್ಸು, ಮೈನಸ್ಸು ಅಂತ ಎಳೆದೆ. ಆಗ ಏನಂತು?”

“ಬೀಪ್ ಅಂತು.”

“ಬೀಪ್ ಅಂದರೆ?”

ರುದ್ರೇಶಿ ಬಾಯಿ ತುಂಬಾ ಮಂಡಕ್ಕಿ ಹಾಕಿಕೊಂಡ.

“ಇಂಜಿನ್ ಮಿತಿ ಮೀರಿ ತಿರುಗುತ್ತೆ ಅನ್ನೋ ಹಾಗಿದ್ದರೆ ಕಂಪ್ಯೂಟರು ಗೇರು ಇಳಿಸಲು ಬಿಡಲ್ಲ” ಎಂದ ಮಂಜ. “ಎಂ ನಲ್ಲಿದ್ದರೂ ಕೊನೇ ಮಾತು ಅದರದ್ದೇ.”

“ಕನ್ನಡದಲ್ಲಿ ಹೇಳಬೇಕೆಂದರೆ, ‘ಯಜಮಾನರೇ, ನೀವು ಹೇಳಿದ್ದು ಕೇಳಿಸಿತು, ಸುಮ್ನೆ ಕೂತ್ಕೊಳ್ಳಿ.’ ನನಗೆ ಹೇಗೆ ಗೊತ್ತು ಅಂತೀಯಾ? ನಮ್ಮನೇಲಿ ನಾನಿರೋದೇ ಎಂ ನಲ್ಲಿ. ಯುಗಾದಿಗೆ ಮೊದಲು ಮಗ ಬಂದು ‘ಅಪ್ಪಾ, ಮನೆಗೆ ಬಣ್ಣ ಹೊಡೆಸಬೇಕು, ಯಾವುದಾಗಬಹುದು?’ ಅಂದ. ನಾನು ಕನ್ನಡಕ ಹಾಕಿಕೊಂಡು, ಒಂದು ಗಂಟೆ ಆ ಬಣ್ಣದ ಪುಸ್ತಕ ತಿರುವಿ ಹಾಕಿ, ತಿಳಿ ಹಸಿರು ಅಂತ ತೀರ್ಮಾನ ಕೊಟ್ಟೆ. ಪ್ಲಸ್ಸು ಒತ್ತಿದೆ.”

“ಆಮೇಲೆ?”

“ಈಗ ನಮ್ಮನೆ ಬೂದಿ ಬಣ್ಣ. ಸೊಸೆ ಕಾಫಿ ತಂದುಕೊಟ್ಟು ‘ಮಾವ, ನೀವು ಹೇಳಿದ್ದು ಇದರ ಹತ್ತಿರಹತ್ತಿರ ಅಲ್ವಾ?’ ಅಂದಳು. ಬಹಳ ಒಳ್ಳೆ ಹುಡುಗಿ. ಬೀಪ್ ಅನ್ನೋದರಲ್ಲೂ ಒಂದು ಮರ್ಯಾದೆ ಇದೆ.”

ಎಲ್ಲರೂ ನಕ್ಕರು. ಸಿದ್ದಣ್ಣನಿಗೆ ಈಗ ಎರಡನೇ ಪ್ಲೇಟು ಮುಗಿದಿತ್ತು.

“ನಮ್ಮನೇಲಿ ಬಟ್ಟೆ ಒಗೆಯೋ ಮಷೀನು ತಂದಿದ್ದೀವಿ. ಪೂರ್ತಿ ಆಟೋಮ್ಯಾಟಿಕ್ಕು. ನಮ್ಮಾಕೆ ಮೊದಲು ಕಲ್ಲಿನ ಮೇಲೆ ಕಾಲರ್ ತಿಕ್ಕಿ, ಸೋಪು ಹಚ್ಚಿ, ಹಿಂಡಿ, ಆಮೇಲೆ ಮಷೀನಿಗೆ ಹಾಕ್ತಾಳೆ. ಇದೇನೇ ಅಂದರೆ, ‘ಅದಕ್ಕೇನು ಗೊತ್ತಾಗುತ್ತೆ ನಿಮ್ಮ ಕೊಳೆ’ ಅಂತಾಳೆ.”

“ಅದೂ ಎಂ ಮೋಡೇ. ಆದರೆ ಅಲ್ಲಿ ನಿಜವಾಗಿ ಕೊಳೆ ಹೋಗುತ್ತೆ. ಇವನು 41 ಸಲ ಹಾಕಿದ್ದರಿಂದ ದುರ್ಗ ಏನು ಹತ್ತಿರ ಬಂತಾ?”

“ನಮ್ಮ ಟ್ರ್ಯಾಕ್ಟರಿಗೆ ಮುಂದಕ್ಕೆ 8, ಹಿಂದಕ್ಕೆ 2” ಎಂದ ಸಿದ್ದಣ್ಣ. ಯಾರೂ ಕೇಳಿರಲಿಲ್ಲ. “ಗದ್ದೆಗೆ ಇಳಿದ ಮೇಲೆ ಹಾಕಿದ ಗೇರಲ್ಲೇ ಇಡೀ ದಿನ. ಆಟ ಆಡೋಕೆ ಪುರುಸೊತ್ತೆಲ್ಲಿ?”

ಮೇಷ್ಟ್ರು ಏನೋ ನೆನಪಾದವರ ಹಾಗೆ ಬೀದಿ ನೋಡಿದರು. “ನಾವು ಹುಡುಗರಾಗಿದ್ದಾಗ ಈ ಊರಲ್ಲಿ ಶಿಫ್ಟು ಅಂದರೆ ಗೇರಿಗಲ್ಲ, ಕಾಟನ್ ಮಿಲ್ಲಿಗೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ಸೈರನ್ ಕೂಗಿತು ಅಂದರೆ ಒಂದಷ್ಟು ಸೈಕಲ್ಲು ಒಳಗೆ, ಒಂದಷ್ಟು ಸೈಕಲ್ಲು ಹೊರಗೆ. ನಮ್ಮಮ್ಮ ಅನ್ನಕ್ಕೆ ಎಸರಿಡುತ್ತಿದ್ದುದು ಆ ಸೈರನ್ ಕೇಳಿಯೇ. ಊರಿಗೆ ಊರೇ ಒಂದು ಕೂಗಿಗೆ ಗೇರು ಬದಲಾಯಿಸುತ್ತಿತ್ತು. ಈಗ ಮಿಲ್ಲೂ ಇಲ್ಲ, ಕೂಗೂ ಇಲ್ಲ. ಊರು ಡಿ ಯಲ್ಲಿ ಓಡುತ್ತಾ ಇದೆ.”

ಸ್ವಲ್ಪ ಹೊತ್ತು ಬಾಣಲೆಯ ಚುರ್ ಸದ್ದು ಮಾತ್ರ.

“ಆದರೆ ರುದ್ರೇಶಣ್ಣನನ್ನ ಪೂರ್ತಿ ಬಯ್ಯಬೇಡಿ” ಎಂದ ಮಂಜ. “ಎಂ ಇರೋದು ಸುಮ್ನೆ ಅಲ್ಲ. ಆಗುಂಬೆ ಘಾಟಿ ಇಳಿಯುವಾಗ ಬೇಕೇ ಬೇಕು. 14 ತಿರುವು. ಡಿ ಯಲ್ಲಿ ಬಿಟ್ಟರೆ ಕೆಲವು ಗಾಡಿ ಪೆಟ್ರೋಲ್ ಉಳಿಸೋಣ ಅಂತ ಮೇಲಿನ ಗೇರಿಗೆ ಹೋಗಿ ಕೂರುತ್ತೆ. ಆಗ ಇಂಜಿನ್ ಗಾಡಿಯನ್ನ ಹಿಡಿಯಲ್ಲ. ನೀವು ಬ್ರೇಕು ತುಳಿದುಕೊಂಡೇ ಇಳೀತೀರಿ, ಬ್ರೇಕು ಕಾದು ವಾಸನೆ ಬರುತ್ತೆ, ಜಾಸ್ತಿ ಕಾದರೆ ಹಿಡಿಯೋದೇ ಇಲ್ಲ. ಎಂ ಗೆ ಹಾಕಿ ಎರಡರಲ್ಲಿ ಬಿಟ್ಟರೆ ಇಂಜಿನ್ನೇ ತಡೆಯುತ್ತೆ. ಹಳೇ ಲಾರಿ ಡ್ರೈವರುಗಳ ಲೆಕ್ಕವೇ ಅದು, ಹತ್ತಿದ ಗೇರಲ್ಲೇ ಇಳಿ ಅಂತ.”

“ಕೇಳಿದಿರಾ!” ರುದ್ರೇಶಿ ಎದೆಯುಬ್ಬಿಸಿದ.

“ಕೇಳಿದೆ. ಆಗುಂಬೆಗೆ ಹೋದಾಗ ಹಾಕು. ಆಗುಂಬೆ ಮಳೆಗೆ ಒಳ್ಳೇದು ಅಂತ ಯಾರಾದರೂ ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯೊಳಗೆ ಗಮ್‌ಬೂಟು ಹಾಕಿಕೊಂಡು ಓಡಾಡುತ್ತಾರಾ?”

“ನನ್ನದಕ್ಕೆ ಏಳು ಗೇರಿದೆ ಮೇಷ್ಟ್ರೇ. ಏಳು! ಇದ್ದಮೇಲೆ ಹಾಕಬೇಕು.”

ಮಂಜ ತಲೆ ಕೆರೆದುಕೊಂಡ. ಒಂದು ಸಲ ಕಾರು ನೋಡಿದ, ಒಂದು ಸಲ ರುದ್ರೇಶಿಯನ್ನು ನೋಡಿದ. “ರುದ್ರೇಶಣ್ಣ, ಹೇಳಿದರೆ ಬೇಜಾರಾಗಬಾರದು. ನಿಮ್ಮದು ಸಿವಿಟಿ.”

“ಅಂದರೆ?”

“ಅದರೊಳಗೆ ಗೇರೇ ಇಲ್ಲ.”

ಅಂಗಡಿಯವನು ಕೂಡ ಜಾಲರಿ ಸೌಟು ಎತ್ತಿ ಹಿಡಿದು ನಿಂತ.

“ಎರಡು ಪುಲ್ಲಿ, ನಡುವೆ ಒಂದು ಸ್ಟೀಲ್ ಬೆಲ್ಟು. ಪುಲ್ಲಿ ಅಗಲ ಆದರೆ ಬೆಲ್ಟು ಒಳಗೆ ಇಳಿಯುತ್ತೆ, ಕಿರಿದಾದರೆ ಮೇಲೆ ಏರುತ್ತೆ. ಅಷ್ಟೇ. ಒಂದು, ಎರಡು, ಮೂರು ಅಂತ ಏನೂ ಇಲ್ಲ. ಗೇರಿಗೆ ಒಗ್ಗಿದವರು ಕೇಳ್ತಾರೆ ಅಂತ ಕಂಪ್ಯೂಟರಿಗೆ ಹೇಳಿ ಏಳು ಕಡೆ ನಿಲ್ಲೋ ಹಾಗೆ ಮಾಡಿರ್ತಾರೆ. ಘಾಟಿಯಲ್ಲಿ ಅದೂ ಕೆಲಸಕ್ಕೆ ಬರುತ್ತೆ, ಸುಳ್ಳಲ್ಲ. ಆದರೆ ಒಳಗಿರೋದು ಬೆಲ್ಟು. ಗೇರಿಲ್ಲದ ಸ್ಕೂಟಿ ಇರುತ್ತಲ್ಲ, ಅದರದ್ದೂ ಇದೇ ಲೆಕ್ಕ. ಅಲ್ಲಿ ರಬ್ಬರ್ ಬೆಲ್ಟು.”

ಮೇಷ್ಟ್ರಿಗೆ ಇಂಥ ಭಾಗ್ಯ ದಿನಾ ಸಿಗುವುದಿಲ್ಲ. ಅವರು ನಿಧಾನವಾಗಿ ಕೈ ಒರೆಸಿಕೊಂಡರು.

“ಅಂದರೆ ರುದ್ರೇಶಿ, ನೀನು ಇವತ್ತು ಇಲ್ಲದ ಗೇರನ್ನ 41 ಸಲ ಹಾಕಿದೆ. ನಾನು ಇಲ್ಲದ ಗೇರನ್ನ 41 ಸಲ ಎಣಿಸಿದೆ. ಇಬ್ಬರೂ ಸೇರಿ ಒಂದೂಕಾಲು ಲಕ್ಷದ ಹಿಟ್ಟಿನ ಗಿರಣಿಯಲ್ಲಿ ದುರ್ಗ ನೋಡಿಕೊಂಡು ಬಂದೆವು.”

ಸಿದ್ದಣ್ಣನಿಗೆ ನಗು ಬಂದು ಮಂಡಕ್ಕಿ ನೆತ್ತಿಗೇರಿತು. ಮಂಜ ಅವನ ತಲೆ ತಟ್ಟಿದ. ನೀರು ಕುಡಿಸಿದ್ದಾಯಿತು. ಇಷ್ಟೆಲ್ಲ ಆದರೂ ರುದ್ರೇಶಿ ನಗಲಿಲ್ಲ. ಪ್ಲೇಟಿನಲ್ಲಿ ಉಳಿದ ಈರುಳ್ಳಿ ಚೂರುಗಳನ್ನು ಒಂದು ಮೂಲೆಗೆ ಸರಿಸುತ್ತಾ ಕೂತ.

“ನಮ್ಮಪ್ಪ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದ, ಗೊತ್ತಲ್ಲ ನಿಮಗೆ” ಎಂದ.

“ಗೊತ್ತಿಲ್ಲದೆ ಏನು? ನನ್ನ ಮದುವೆ ದಿಬ್ಬಣ ಹೋಗಿದ್ದೇ ಅದರಲ್ಲಿ. ಒಂಬತ್ತು ಜನ.”

“ಸ್ಟೇರಿಂಗ್ ಕೆಳಗೆ ಗೇರು. ಮುಂದೆ ಒಂದೇ ಉದ್ದ ಸೀಟು. ರಜೆಯಲ್ಲಿ ನಾನು ಅಪ್ಪನ ಪಕ್ಕ ಕೂರುತ್ತಿದ್ದೆ. ಕೈ ಚಾಚಿದರೆ ಗೇರು ಸಿಗುತ್ತಿತ್ತು. ಹರಪನಹಳ್ಳಿ ರಸ್ತೆಯಲ್ಲಿ ಗಾಡಿಗಳು ಕಡಿಮೆ ಇದ್ದಾಗ ಅಪ್ಪ ಕ್ಲಚ್ಚು ಒತ್ತಿ ‘ಹೂಂ’ ಅನ್ನುತ್ತಿದ್ದ. ನಾನು ಎಳೆಯುತ್ತಿದ್ದೆ. ಬೇರೇನೂ ಹೇಳುತ್ತಿರಲಿಲ್ಲ. ‘ಹೂಂ’ ಅಷ್ಟೇ. ನಾನೇ ಗಾಡಿ ಓಡಿಸುತ್ತಾ ಇದ್ದೀನಿ ಅಂತ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.”

“ನೆನಪಿದೆ” ಎಂದರು ಮೇಷ್ಟ್ರು.

“ಎಷ್ಟೋ ವರ್ಷ ಆದಮೇಲೆ ನಾನೇ ಆ ಗಾಡಿ ಓಡಿಸೋಕೆ ಕೂತೆ. ಗೇರು ಎಷ್ಟು ಬಿಗಿ ಅಂತ ಅವತ್ತು ಗೊತ್ತಾಯಿತು. ಎಂಟು ವರ್ಷದ ಹುಡುಗನ ಕೈಗೆ ಅದು ಅಲ್ಲಾಡೋದೇ ಇಲ್ಲ. ಅಪ್ಪನ ಕೈ ಕೆಳಗಡೆ ಇರುತ್ತಿತ್ತು ಮೇಷ್ಟ್ರೇ. ಎಳೆಯುತ್ತಿದ್ದವನು ಅವನೇ.”

ಮೇಷ್ಟ್ರ ಬಾಯಲ್ಲಿ ಬಂದು ನಿಂತಿದ್ದ ಮಾತು ಹಾಗೇ ಒಳಗೆ ಹೋದದ್ದು ಎಲ್ಲರಿಗೂ ಕಾಣಿಸಿತು.

ಮಂಜ ಸುಮ್ಮನಿರಲಾರದೆ ಹೇಳಿದ. “ಅಂಬಾಸಿಡರ್ ಮಾಡೋದು ನಿಂತಿದ್ದು 2014ರಲ್ಲಿ, ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ. ಕಡಿಮೆ ಬೆಲೆಯ ಆಟೋಮ್ಯಾಟಿಕ್ಕು, ಆ ಮಾರುತಿ ಸೆಲೆರಿಯೊ, ಬಂದಿದ್ದೂ ಅದೇ ವರ್ಷ.”

“ಒಂದೇ ವರ್ಷದಲ್ಲಿ ತಿಥಿ, ಬಾಣಂತನ ಎರಡೂ” ಎಂದರು ಮೇಷ್ಟ್ರು. ಆದರೆ ಈ ಸಲ ದನಿಯಲ್ಲಿ ಖಾರ ಇರಲಿಲ್ಲ.

ದುಡ್ಡು ಕೊಡುವ ಜಗಳ ಎಂದಿನಂತೆ ನಡೆದು, ಎಂದಿನಂತೆ ಸಿದ್ದಣ್ಣ ಸೋತು ಗೆದ್ದ. ಎಲ್ಲರೂ ಕಾರು ಹತ್ತಿದರು. ಮೇಷ್ಟ್ರು ಮುಂದೆ, ಉಳಿದಿಬ್ಬರು ಹಿಂದೆ. ರುದ್ರೇಶಿ ಡಿ ಗೆ ಹಾಕಿ ಎರಡು ಕೈಯನ್ನೂ ಸ್ಟೇರಿಂಗ್ ಮೇಲಿಟ್ಟ. ವಿಧೇಯ ವಿದ್ಯಾರ್ಥಿಯ ಹಾಗೆ. ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ.

ಗುಂಡಿ ಸರ್ಕಲ್ ದಾಟಿದ ಮೇಲೆ ರಸ್ತೆ ಖಾಲಿ ಇತ್ತು.

“ಎಂ ಗೆ ಹಾಕು” ಎಂದರು ಮೇಷ್ಟ್ರು.

“ಯಾಕೆ?”

“ಹಾಕು ಅಂದೆನಲ್ಲ.”

ರುದ್ರೇಶಿ ಹಾಕಿದ. ಮೇಷ್ಟ್ರು ಗೇರಿನ ಗುಂಡಿನ ಮೇಲೆ ಕೈ ಇಟ್ಟರು. ಇಂಜಿನ್ ಎರಡರಲ್ಲೇ ಗುರ್ ಅನ್ನುತ್ತಿತ್ತು. ರುದ್ರೇಶಿ ಅವರನ್ನು ಒಂದು ಸಲ ನೋಡಿದ, ರಸ್ತೆ ನೋಡಿದ. ಆಮೇಲೆ ಬಹಳ ಮೆಲ್ಲಗೆ,

“ಹೂಂ” ಎಂದ.

ಮೇಷ್ಟ್ರು ಜೋರಾಗಿ ಎಳೆದರು.

ಬೀಪ್.

“ನೂಕಬೇಕು ಮೇಷ್ಟ್ರೇ” ಎಂದ ಹಿಂದಿನ ಸೀಟಿನಿಂದ ಸಿದ್ದಣ್ಣ. “ಎಳೆಯೋದು ಇವನ ಮಗನ ಗಾಡಿಯಲ್ಲಿ.”