ಆರ್‌ಟಿಐ ಮೊದಲ ಮೇಲ್ಮನವಿಗೂ ಉತ್ತರ ಬಂದಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಚರಂಡಿ ಕಾಮಗಾರಿಯ ಬಿಲ್ ಮತ್ತು ಅಳತೆ ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ದಾಖಲೆ) ನಕಲು ಕೇಳಿ ಗ್ರಾಮ ಪಂಚಾಯಿತಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದ್ದೆ. ಕಾಗದದಲ್ಲಿ ಕೆಲಸ ಮುಗಿದಿದೆ ಅಂತಾರೆ. ಮಳೆ ಬಂದರೆ ಕೊಳಚೆ ನೀರು ಇವತ್ತಿಗೂ ಮನೆ ಬಾಗಿಲಿಗೇ ಬರುತ್ತದೆ. ಹಾಗಾಗಿ ಸುಮ್ನೆ ಬಿಡೋಕೆ ಮನಸ್ಸಿಲ್ಲ.

30 ದಿನ ಕಳೆದರೂ ಉತ್ತರ ಬರಲಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ಕಲಂ 19(1)ರಡಿ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿದೆ. ಅದಕ್ಕೂ ವಿಚಾರಣೆಯ ನೋಟಿಸ್ ಇಲ್ಲ, ಆದೇಶ ಇಲ್ಲ. ಕಚೇರಿಗೆ ಹೋದರೆ "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ಮುಂದಿನ ವಾರ ಬನ್ನಿ" ಅನ್ನುತ್ತಾರೆ. ಅರ್ಜಿ, ಪೋಸ್ಟಲ್ ಆರ್ಡರ್, ಸ್ಪೀಡ್ ಪೋಸ್ಟ್ ರಸೀದಿ, ಸ್ವೀಕೃತಿ ಎಲ್ಲದರ ನಕಲೂ ನನ್ನ ಹತ್ತಿರ ಇದೆ.

ಈಗ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಬೇಕು. ಕಲಂ 18ರ ದೂರು ಹಾಕು ಅಂತ ಕೆಲವರು ಹೇಳಿದರು. ಆದರೆ ಬರೀ ದೂರಿನ ಮೇಲೆ ಮಾಹಿತಿ ಕೊಡಿಸೋಕೆ ಆಗಲ್ಲ, ದಂಡ ಮಾತ್ರ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನನಗೆ ಬೇಕಿರುವುದು ದಾಖಲೆ. ಹಾಗಾಗಿ ಕಲಂ 19(3)ರ ಎರಡನೇ ಮೇಲ್ಮನವಿಯ ದಾರಿಯೇ ಸರಿ, ಅಲ್ವಾ?

ಗೊಂದಲ ಇರುವುದು ದಿನದ ಲೆಕ್ಕದಲ್ಲಿ. ಮೊದಲ ಮೇಲ್ಮನವಿಯ ಆದೇಶ ಬರಬೇಕಿದ್ದ ದಿನದಿಂದ 90 ದಿನದೊಳಗೆ ಎರಡನೆಯದನ್ನು ಹಾಕಬೇಕು. ಮೊದಲ ಮೇಲ್ಮನವಿಗೆ ಆದೇಶ ಕೊಡಲು ಅಧಿಕಾರಿಗೆ ಗಡುವು 30 ದಿನ, ತಡಕ್ಕೆ ಕಾರಣ ಬರೆದಿಟ್ಟರೆ 45. ನನಗೆ ಯಾವ ಪತ್ರವೂ ಬಂದಿಲ್ಲ. ಹಾಗಾದರೆ 90 ದಿನವನ್ನು 30ನೇ ದಿನದಿಂದ ಎಣಿಸಬೇಕಾ, 45ರಿಂದಾ? ಆದೇಶದ ಪ್ರತಿಯೇ ಇಲ್ಲದಿದ್ದಾಗ ಅದರ ಜಾಗದಲ್ಲಿ ಏನು ಲಗತ್ತಿಸಬೇಕು? ಆಯೋಗದಲ್ಲಿ ಹೀಗೆ ಹಾಕಿದವರಿದ್ದರೆ ದಯವಿಟ್ಟು ತಿಳಿಸಿ.