ಮೂಲೆಯ ಅಂಗಡಿ ಇಲ್ಲಿ ಬೇಡ: ಲಿಂಗಸುಗೂರು ರಸ್ತೆಯ ನಮ್ಮ ಬಡಾವಣೆ ಗುಂಪು, ರಾಯಚೂರು

ಮನೆ 27 | ಶುಕ್ರವಾರ, ನಸುಕಿನ 3:10
ಎದ್ದ ಕೂಡಲೇ ಎಲ್ಲರೂ ಇದನ್ನು ಓದಿ. 108 ಆಂಬುಲೆನ್ಸ್ ಈಗಷ್ಟೇ ನಮ್ಮ ಮನೆಯ ಮುಂದಿನಿಂದ ಹೋಯಿತು. ಒಂದೂವರೆ ಗಂಟೆಗೆ ಗೇಟು ಅಲುಗಾಡಿದ ಸದ್ದಾಯಿತು. ಕಳ್ಳರೆಂದು ನಮ್ಮ ಯಜಮಾನರು ಬಡಿಗೆ ಹಿಡಿದು ಹೊರಗೆ ಹೋದರೆ ಕಟ್ಟೆಯ ಮೇಲೆ ಒಬ್ಬ ಹುಡುಗ ಬಿದ್ದಿದ್ದಾನೆ. ಇನ್ನೂ ಮೀಸೆ ಸರಿಯಾಗಿ ಚಿಗುರಿಲ್ಲ. ಅಂಗಿಯ ತುಂಬ ವಾಂತಿ. ಎರಡೂ ಕೈಯಿಂದ ಎದೆ ಹಿಡಿದುಕೊಂಡು "ಅಕ್ಕಾ, ನಾನು ಸಾಯುತ್ತೇನೆ, ಅವ್ವನಿಗೆ ಹೇಳಬೇಡಿ" ಎಂದು ಅದನ್ನೇ ಹೇಳುತ್ತಿದ್ದ. ಜೊತೆಗಿದ್ದ ಇಬ್ಬರು ಖಾಲಿ ನಿವೇಶನದ ಜಾಲಿ ಕಂಟಿಯೊಳಗೆ ನುಗ್ಗಿ ಓಡಿಹೋದರು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ಕೂತಿದ್ದೆ. ನನ್ನ ಮಗನಿಗೂ ಅದೇ ವಯಸ್ಸು.

ಅವನ ಜೇಬಿನಿಂದ ಮೂರು ಪೊಟ್ಟಣ ಬಿದ್ದವು. ಬೆರಳುದ್ದದ ಹಸಿರು ಪೊಟ್ಟಣ, ಮೇಲೆ ಎಲೆಯ ಚಿತ್ರ. ಎರಡು ಖಾಲಿ. ಮೂರನೆಯದರಲ್ಲಿ ಹುಣಸೆ ಬೀಜದಷ್ಟು ದಪ್ಪದ ಕಡು ಹಸಿರು ಗುಳಿಗೆ, ಬೆಲ್ಲದ ವಾಸನೆ. ಭಂಗಿ ಗುಳಿಗೆ, ಅಂದರೆ ಗಾಂಜಾ ಗಿಡದ ಎಲೆಯದು. ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕು ಎಂದು ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ. ಕನ್ನಡದ ಒಂದಕ್ಷರವೂ ಇಲ್ಲ. ಇದು ಮೂಲೆಯ ಅಂಗಡಿಯ ಮಾಲು. ಟ್ಯೂಷನ್ ಮೆಟ್ಟಿಲಿನಿಂದ ಹದಿನೈದು ಹೆಜ್ಜೆ ದೂರ. ದೀಪಾವಳಿಗೆ ಅದು ತೆರೆದಾಗಲೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ನನಗೆ ಮೈಯೆಲ್ಲ ಉರಿಯುತ್ತಿದೆ. ಈ ಅಂಗಡಿ ಇಲ್ಲಿಂದ ಹೋಗಲೇಬೇಕು.

ಮನೆ 22 | 5:48
ಶುಭೋದಯ. ಪ್ರತಿ ಮುಂಜಾನೆಯೂ ದೇವರ ಕೊಡುಗೆ. (ಚಿತ್ರ)

ಮನೆ 9 | 6:15
ಓದಿದೆ. ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ, ನಮ್ಮ ಓಣಿ ಕೆಟ್ಟದ್ದು ಬಾಡಿಗೆಯವರಿಂದ. ಕಂಡವರಿಗೆಲ್ಲ ಮನೆ ಕೊಟ್ಟರೆ ಇದೇ ಆಗುವುದು. ನಾನು ಸಂಘದ ಕಾರ್ಯದರ್ಶಿಯಾಗಿದ್ದಾಗ ಪ್ರತಿ ಬಾಡಿಗೆದಾರನ ಆಧಾರ್ ಪ್ರತಿ ಇಟ್ಟುಕೊಳ್ಳುತ್ತಿದ್ದೆ.

ಮನೆ 31 | 6:22
ನಾವು ಬಾಡಿಗೆಯವರೇ. ಹನ್ನೊಂದು ವರ್ಷವಾಯಿತು. ರಾತ್ರಿ ಆಂಬುಲೆನ್ಸಿಗೆ ದಾರಿ ತೋರಿಸಲು ಮುಖ್ಯರಸ್ತೆಯವರೆಗೆ ಓಡಿದ್ದು ನನ್ನ ತಮ್ಮ. ಸ್ವಂತ ಮನೆಯವರಲ್ಲಿ ಎಷ್ಟು ಬಾಗಿಲು ತೆರೆದವು?

ಮನೆ 9 | 6:24
ನಿಮ್ಮನ್ನು ಹೇಳಿದ್ದಲ್ಲ. ಆದರೆ ಆ ಮೂಲೆಯ ಮಳಿಗೆಯನ್ನು ಬಾಡಿಗೆಗೆ ಕೊಟ್ಟವರು ಯಾರು? ಮನೆ 12ರವರು ಉತ್ತರ ಕೊಡಲಿ.

ಮನೆ 12 | 7:02
ಮಳಿಗೆ ನನ್ನದೇ, ಮುಚ್ಚಿಡುವುದೇನಿದೆ. ಆಯುರ್ವೇದ ಔಷಧದ ಅಂಗಡಿ ಎಂದು ಕರಾರು ಆಗಿದೆ. ಗೋಡೆಯ ಮೇಲೆ ಪರವಾನಗಿಯನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆ, ಯಾರು ಬೇಕಾದರೂ ನೋಡಬಹುದು. ಎರಡು ವರ್ಷ ಖಾಲಿ ಬಿದ್ದಿದ್ದ ಮಳಿಗೆ. ಮಗಳ ಮದುವೆಯ ಸಾಲ ನನ್ನ ತಲೆಯ ಮೇಲಿದೆ. ನಾನು ಯಾರ ಬಾಯಿಗೂ ಗುಳಿಗೆ ಹಾಕಿಲ್ಲ.

ಮನೆ 6 | 7:20
ಮೂವತ್ತು ವರ್ಷ ಔಷಧ ಅಂಗಡಿ ನಡೆಸಿದವನಾಗಿ ಒಂದು ಮಾತು. ಆ ಕಾಗದವನ್ನು ನಾನು ಹತ್ತಿರದಿಂದ ಓದಿದ್ದೇನೆ. ಅದು ತಯಾರಿಸುವ ಕಂಪನಿಯ ಪರವಾನಗಿಯ ನಕಲು, ಮಾರುವವರದಲ್ಲ. ನಮ್ಮಂತಹ ಇಂಗ್ಲಿಷ್ ಔಷಧದ ಅಂಗಡಿಗೆ ಮಾರಾಟದ ಪರವಾನಗಿ ಬೇಕು, ಫಾರ್ಮಸಿಸ್ಟ್ ಬೇಕು. ಆಯುರ್ವೇದ ಔಷಧ ತಯಾರಿಸಲು ಪರವಾನಗಿ ಬೇಕು, ಮಾರಲು ಅಂತಹದ್ದೇನೂ ಬೇಕಿಲ್ಲ. ಕಿರಾಣಿ ಅಂಗಡಿಯಲ್ಲೂ ಚೂರ್ಣ ಸಿಗುವುದು ಅದಕ್ಕೇ. ಆದರೆ ಭಂಗಿ ಬೇರೆ ಚೂರ್ಣಗಳಂತಲ್ಲ. ಔಷಧ ನಿಯಮಗಳ ಇ-1 ಪಟ್ಟಿಯಲ್ಲಿ, ಅಂದರೆ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ, ಅದರ ಹೆಸರಿದೆ. ಪೊಟ್ಟಣದ ಹಿಂದಿನ ಎಚ್ಚರಿಕೆಯನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹಾಕಬೇಕೆಂಬುದು ಆ ನಿಯಮವೇ. ಕನ್ನಡವನ್ನು ಅದು ಕೇಳುವುದಿಲ್ಲ. ನಮ್ಮ ಹುಡುಗರು ಓದುವುದು ಎಲೆಯ ಚಿತ್ರವನ್ನು ಮಾತ್ರ.

ಆ ಹುಡುಗನಿಗೆ ಆದದ್ದೇನೆಂದೂ ಹೇಳುತ್ತೇನೆ. ಸೇದಿದರೆ ನಿಮಿಷಗಳಲ್ಲಿ ತಲೆಗೇರುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಮೊದಲ ಗುಳಿಗೆಯಿಂದ ಏನೂ ಆಗಲಿಲ್ಲವೆಂದು ಎರಡನೆಯದನ್ನು ತಿಂದಿರುತ್ತಾನೆ. ಆಮೇಲೆ ಎರಡೂ ಒಟ್ಟಿಗೆ ಏರಿವೆ. ಎದೆ ಡವಗುಟ್ಟುತ್ತದೆ, ಸಾವೇ ಬಂದಿತೆಂಬ ಭಯ ಹಿಡಿಯುತ್ತದೆ. ಅವನೀಗ ಹೇಗಿದ್ದಾನೆ?

ಮನೆ 27 | 7:31
ಆಸ್ಪತ್ರೆಗೆ ಫೋನ್ ಮಾಡಿದೆ. ಎಚ್ಚರವಾಗಿದ್ದಾನೆ, ಡ್ರಿಪ್ ಹಾಕಿದ್ದಾರೆ. ಅವರ ಅವ್ವ ಬಂದಿದ್ದಾರೆ. ಫೋನಿನಲ್ಲಿ ಅವರು ಮಾತಾಡಲಿಲ್ಲ, ಅಳುತ್ತಲೇ ಇದ್ದರು.

ಮನೆ 30 | 7:40
ಶಿವರಾತ್ರಿಗೆ ಇನ್ನೂ ಎಷ್ಟು ದಿನವಿದೆ, ಹುಡುಗರು ಈಗಲೇ ತಯಾರಿ ನಡೆಸಿದ್ದಾರಲ್ಲ!

ಮನೆ 27 | 7:41
ದಯವಿಟ್ಟು ಅಳಿಸಿ. ನನ್ನ ಸೀರೆಗೆ ಇನ್ನೂ ಆ ವಾಸನೆ ಇದೆ.

ಮನೆ 30 | 7:55
ತಪ್ಪಾಯಿತು. ಕ್ಷಮಿಸಿ.

ಮನೆ 22 | 8:03
(ಹಲವು ಬಾರಿ ರವಾನೆಯಾದ ಸಂದೇಶ) ಗಾಂಜಾ ಎಲೆಯ ರಸ ನಲವತ್ತು ದಿನ ಕುಡಿದರೆ ಎಲ್ಲ ಬಗೆಯ ಕ್ಯಾನ್ಸರ್ ಬೇರುಸಹಿತ ಹೋಗುತ್ತದೆ. ವಿದೇಶಿ ಕಂಪನಿಗಳು ಮುಚ್ಚಿಟ್ಟ ಸತ್ಯ. ಹತ್ತು ಗುಂಪುಗಳಿಗೆ ಕಳಿಸಿ.

ಮನೆ 6 | 8:10
ಇದು ಸುಳ್ಳು. ಕ್ಯಾನ್ಸರ್ ಗುಣಪಡಿಸುತ್ತದೆಂದು ಸಾಬೀತಾಗಿಲ್ಲ. ಸಾಬೀತಾಗಿರುವುದು ಬೇರೆ. ಕಿಮೋದಿಂದ ಬರುವ ವಾಂತಿಗೆ ಆ ಗಿಡದ ಟಿಎಚ್‌ಸಿ ಎಂಬ ಅಂಶದ ಮಾತ್ರೆಯನ್ನು ಅಮೆರಿಕ 1985ರಲ್ಲೇ ಒಪ್ಪಿತು. ಮಕ್ಕಳಲ್ಲಿ ಬರುವ ಎರಡು ಬಗೆಯ ಕಠಿಣ ಮೂರ್ಛೆರೋಗಕ್ಕೆ ಸಿಬಿಡಿ ಎಂಬ ಇನ್ನೊಂದು ಅಂಶದ ದ್ರವವನ್ನು 2018ರಲ್ಲಿ ಒಪ್ಪಿತು. ಅಮಲು ಬರಿಸುವುದು ಟಿಎಚ್‌ಸಿ, ಸಿಬಿಡಿ ಅಲ್ಲ. ಅವೆಲ್ಲ ಅಳತೆ ಮಾಡಿ, ವೈದ್ಯರ ಚೀಟಿಯ ಮೇಲೆ ಕೊಡುವಂಥವು. ಎಲೆ ಅರೆದು ಕುಡಿಯುವುದಲ್ಲ.

ಮನೆ 41 | 8:34
ಇಷ್ಟು ಹೊತ್ತು ಸುಮ್ಮನಿದ್ದೆ, ಇನ್ನು ಆಗುವುದಿಲ್ಲ. ನನ್ನ ತಾಯಿಯ ಕ್ಯಾನ್ಸರ್ ಮೂಳೆಗೆ ಹರಡಿದೆ. ಹೈದರಾಬಾದಿನಿಂದ ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದರು. ವೈದ್ಯರು ಚೀಟಿ ಬರೆದು ವಿಜಯಾ ತೈಲ, ಅಂದರೆ ಇದೇ ಗಿಡದ ಎಣ್ಣೆ, ಕೊಟ್ಟಿದ್ದಾರೆ. ರಾತ್ರಿ ನಾಲಿಗೆಯ ಕೆಳಗೆ ಮೂರು ಹನಿ. ಗುಣವಾಗುತ್ತದೆಂದು ಯಾರೂ ಹೇಳಿಲ್ಲ, ನಾನೂ ನಂಬಿಲ್ಲ. ಆದರೆ ಮೊದಲು ರಾತ್ರಿಯಿಡೀ ಮಂಚದ ಸರಳು ಹಿಡಿದು ನರಳುತ್ತಿದ್ದವರು ಈಗ ನಾಲ್ಕು ಗಂಟೆ ಮಲಗುತ್ತಾರೆ. ಅರ್ಧ ರೊಟ್ಟಿ ತಿನ್ನುತ್ತಾರೆ. ಆ ತೈಲವನ್ನು ನಾನು ತರುವುದು ಇದೇ ಅಂಗಡಿಯಿಂದ. ನನ್ನ ಚೀಟಿಯನ್ನು ಅವರು ಪ್ರತಿ ಸಲವೂ ನೋಡಿದ್ದಾರೆ. ನೀವು ಅಂಗಡಿ ಮುಚ್ಚಿಸಿದರೆ ಮತ್ತೆ ಹೈದರಾಬಾದಿಗೆ ಹೋಗಬೇಕು. ಆ ದಿನ ಅವರ ಬಳಿ ಯಾರಿರುತ್ತಾರೆ?

ಮನೆ 9 | 8:37
ಅಂದರೆ ನಮ್ಮ ಓಣಿಯವರೇ ಗಿರಾಕಿಗಳು! ಹಾಗಿದ್ದರೆ ಹೊರಗಿನವರನ್ನು ಬೈದು ಏನು ಪ್ರಯೋಜನ.

ಮನೆ 27 | 8:45
ಮನೆ 9ರವರೇ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮನೆ 41ರವರೇ, ಅಮ್ಮನ ನೋವು ನನಗೆ ಅರ್ಥವಾಗುತ್ತದೆ. ಬೆಳಗಿನ ಜಾವ ಸಿಟ್ಟಿನಲ್ಲಿ ಅಂಗಡಿ ಹೋಗಲೇಬೇಕು ಎಂದು ಬರೆದೆ. ಈಗ ಬಿಡಿಸಿ ಹೇಳುತ್ತೇನೆ. ತೈಲ ಬೇಡವೆಂದಲ್ಲ. ಚೀಟಿ ಇಲ್ಲದ ಹುಡುಗರಿಗೆ ಗುಳಿಗೆ ಕೊಡುವುದು ಬೇಡ. ಮಕ್ಕಳ ಟ್ಯೂಷನ್ ಬಾಗಿಲಲ್ಲಿ ಬೇಡ. ರಾತ್ರಿ ಹನ್ನೊಂದರವರೆಗೆ ಅರ್ಧ ಶಟರ್ ಎತ್ತಿಟ್ಟು ಮಾರುವುದು ಬೇಡ. ನಿಮಗೆ ಚೀಟಿ ಕೇಳುವವರು ಅವರಿಗೇಕೆ ಕೇಳುವುದಿಲ್ಲ?

ಮನೆ 35 | 9:05
ಹಿರಿಯನಾಗಿ ಹೇಳುತ್ತೇನೆ. ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಭಂಗಿ ಸೇದುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಅಲ್ಲಿ ಅದು ಪ್ರಸಾದ, ಧ್ಯಾನಕ್ಕೆಂದು ಸೇವಿಸುತ್ತಾರೆ. ಅಂತಹ ಶರಣರು, ಅವಧೂತರು ನಮ್ಮ ಸೀಮೆಯಲ್ಲಿ ಇದ್ದೇ ಇದ್ದಾರೆ. ಸೊಪ್ಪನ್ನೇ ಪಾಪವೆಂದು ಬೈದರೆ ನನಗೆ ನೋವಾಗುತ್ತದೆ. ಆದರೆ ಹಿರಿಯರ ಕಣ್ಣೆದುರು ಜಾತ್ರೆಯಲ್ಲಿ ನಡೆಯುವುದು ಬೇರೆ, ಹದಿನಾರರ ಹುಡುಗ ಕಂಟಿಯಲ್ಲಿ ಕದ್ದು ತಿನ್ನುವುದು ಬೇರೆ. ಅಂಗಡಿಗೆ ನನ್ನ ವಿರೋಧವಿದೆ.

ಮನೆ 18 | 9:20
ಕಾಯ್ದೆಬದ್ಧ ಮಾಡಿ ಸರಿಯಾಗಿ ನಿಯಂತ್ರಿಸುವುದೇ ದಾರಿ. ಥಾಯ್ಲೆಂಡ್ ಮಾಡಿದೆ.

ಮನೆ 6 | 9:26
ಥಾಯ್ಲೆಂಡ್ 2022ರ ಜೂನ್‌ನಲ್ಲಿ ಮಾದಕ ಪಟ್ಟಿಯಿಂದ ತೆಗೆಯಿತು. ಬೀದಿಬೀದಿಗೆ ಅಂಗಡಿಗಳಾದವು. 2025ರಲ್ಲಿ ಮತ್ತೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಪೂರ್ತಿ ಓದಿ.

ಮನೆ 33 | 9:50
ನ್ಯಾಯಾಲಯಕ್ಕೆ ಹೊರಟಿದ್ದೇನೆ, ಚುಟುಕಾಗಿ ಬರೆಯುತ್ತೇನೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, ಗಾಂಜಾ ಎಂದರೆ ಹೂವು ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯ ಹೊರಗೆ. 2022ರ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಭಂಗಿ ಪ್ರಕರಣವೊಂದರಲ್ಲಿ ಇದೇ ನೆಲೆಯ ಮೇಲೆ ಜಾಮೀನು ಕೊಟ್ಟಿತು. ಆದ್ದರಿಂದ 'ಗಾಂಜಾ ಮಾರುತ್ತಿದ್ದಾರೆ' ಎಂದು ಅರ್ಜಿ ಬರೆದರೆ ಅವರ ವಕೀಲರು ಮೊದಲ ದಿನವೇ ಹರಿದು ಹಾಕುತ್ತಾರೆ. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಅಮಲು ಪದಾರ್ಥದ ವ್ಯಾಖ್ಯೆಯೊಳಗೆ ಭಂಗಿ ಬರುತ್ತದೆ. ಅರ್ಜಿ ಅಬಕಾರಿಯವರಿಗೆ ಹೋಗಲಿ, ಪ್ರತಿ ಪೊಲೀಸರಿಗೂ ಆಯುಷ್‌ನವರಿಗೂ. ಗುಳಿಗೆಯಲ್ಲಿ ತುದಿ ಬೆರೆಸಿದ್ದಾರೆಯೇ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಬೆರೆಸಿದ್ದರೆ ಕಥೆಯೇ ಬೇರೆ. ಮುಖ್ಯ ಮಾತು: ಆ ಮೂರು ಪೊಟ್ಟಣಗಳನ್ನು ಜೋಪಾನ ಮಾಡಿ.

ಮನೆ 9 | 9:53
ಪೊಟ್ಟಣಗಳನ್ನು ಬೆಳಿಗ್ಗೆಯೇ ಮನೆ 27ರಿಂದ ತೆಗೆದುಕೊಂಡಿದ್ದೇನೆ. ಠಾಣೆಯಲ್ಲಿ ನನಗೆ ಪರಿಚಯವಿದೆ, ನಾನೇ ಮಾತಾಡುತ್ತೇನೆ. ಎಲ್ಲರೂ ಅರ್ಜಿ ಬರೆಯುವುದು ಬೇಡ, ಗೊಂದಲವಾಗುತ್ತದೆ.

ಮನೆ 27 | 9:58
ಅರ್ಜಿ ನಾನೇ ಬರೆಯುತ್ತೇನೆ. ರವಿವಾರ ಬೆಳಿಗ್ಗೆ 10ಕ್ಕೆ ಹನುಮಪ್ಪನ ಗುಡಿಯಲ್ಲಿ ಸೇರೋಣ. ಮನೆಗೊಬ್ಬರಾದರೂ ಬಂದು ಸಹಿ ಹಾಕಿ. ನಮ್ಮ ಮಕ್ಕಳಲ್ಲಿ ಯಾರಾದರೂ ಇದರಲ್ಲಿ ಸಿಕ್ಕಿಕೊಂಡಿದ್ದರೆ ಹೊಡೆಯಬೇಡಿ, ಬೈಯಬೇಡಿ. ವ್ಯಸನಮುಕ್ತಿಗೆ 14446 ಸಂಖ್ಯೆಯ ಉಚಿತ ಸಹಾಯವಾಣಿ ಇದೆ.

ಮನೆ 12 | 10:30
ಅಂಗಡಿಯವರನ್ನು ಕೇಳಿದೆ. ಹುಡುಗರಿಗೆ ಕೊಟ್ಟೇ ಇಲ್ಲ ಎನ್ನುತ್ತಾರೆ. ಕಂಟಿ ತುಂಬಿದ ಆ ನಿವೇಶನವೇ ಇದಕ್ಕೆಲ್ಲ ಮೂಲ. ಅದನ್ನು ಸ್ವಚ್ಛ ಮಾಡಿಸಿ. ಬೀದಿದೀಪವೂ ನಾಲ್ಕು ತಿಂಗಳಿಂದ ಉರಿಯುತ್ತಿಲ್ಲ.

ಮನೆ 9 | 10:33
ದೀಪದ ಹಣ ಸಂಘದ ಖಾತೆಯಲ್ಲಿತ್ತು. ನನ್ನ ನಂತರ ಬಂದವರು ಲೆಕ್ಕ ಕೊಡಲಿ.

ಮನೆ 3 | 10:41
ಮೂರು ಸಲ ಕೊಟ್ಟಿದ್ದೇನೆ. ಗಣೇಶನ ಪೆಂಡಾಲಿಗೆ ನೀವು ಮುಂಗಡವಾಗಿ ತೆಗೆದುಕೊಂಡದ್ದರ ಲೆಕ್ಕವೇ ಇನ್ನೂ ಬಂದಿಲ್ಲ.

(ಇಲ್ಲಿಂದ ಮಧ್ಯಾಹ್ನದವರೆಗೆ ಪೆಂಡಾಲಿನ ಲೆಕ್ಕದ ಮೇಲೆ 64 ಸಂದೇಶಗಳು)

ಮನೆ 41 | ಶನಿವಾರ, ಸಂಜೆ 6:12
ನಾನು ರವಿವಾರ ಬರುತ್ತೇನೆ. ಚೀಟಿ ಇದ್ದವರಿಗೆ ತೈಲ ನಿಲ್ಲಬಾರದು ಎಂಬ ಒಂದು ಸಾಲನ್ನು ಅರ್ಜಿಯಲ್ಲಿ ಸೇರಿಸಿದರೆ ಮೊದಲ ಸಹಿ ನನ್ನದು.

ಮನೆ 27 | 6:15
ಸೇರಿಸಿದ್ದೇನೆ. ಎರಡನೆಯ ಸಾಲೇ ಅದು.

ಮನೆ 33 | 6:40
ಪೊಟ್ಟಣಗಳು ಠಾಣೆಗೆ ತಲುಪಿದವೇ? ಸ್ವೀಕೃತಿ ಪಡೆದಿರಾ?

ಮನೆ 9 | 8:20
ಸಾಹೇಬರು ಸಿಗಲಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿಟ್ಟಿದ್ದೆ, ಸರ್ವಿಸಿಂಗಿಗೆ ಕೊಟ್ಟಿದ್ದೇನೆ. ಸೋಮವಾರ ಬರುತ್ತದೆ.

ಮನೆ 27 | 8:21
ಎರಡು ದಿನದಿಂದ ನಾನು ನಂಬಿ ಕೂತದ್ದು ಅದನ್ನೇ.

ಮನೆ 15 | ರವಿವಾರ, ಬೆಳಿಗ್ಗೆ 6:35
ನಳದಲ್ಲಿ ಈಗ ಬಂದ ನೀರು ನೋಡಿ. (ಚಿತ್ರ) ಚಹಾದ ಬಣ್ಣ, ಕೊಳೆತ ವಾಸನೆ. ಯಾರೂ ಕುಡಿಯಬೇಡಿ.

ಮನೆ 31 | 6:38
ನಮ್ಮಲ್ಲೂ ಹಾಗೆಯೇ. ಮಗು ರಾತ್ರಿಯಿಂದ ಭೇದಿ ಮಾಡುತ್ತಿದೆ.

ಮನೆ 35 | 6:44
2022ನ್ನು ಮರೆಯಬೇಡಿ. ಕಲುಷಿತ ನೀರು ಕುಡಿದು ಇದೇ ಊರಿನಲ್ಲಿ ಜನ ಸತ್ತರು. ಕುದಿಸಿದರೂ ಇದನ್ನು ಕುಡಿಯಬೇಡಿ.

ಮನೆ 9 | 6:47
ಇದು ತುರ್ತು. ಹತ್ತು ಗಂಟೆಯ ಸಭೆಯಲ್ಲಿ ನೀರಿನ ವಿಷಯವೇ ಮೊದಲು. ಎಲ್ಲರೂ ಒಂದೊಂದು ಬಾಟಲಿಯಲ್ಲಿ ನೀರು ತುಂಬಿ ತನ್ನಿ. ನಾನು ಮಾತಾಡುತ್ತೇನೆ.

ಮನೆ 12 | 6:50
ನನ್ನ ಕೊಳವೆಬಾವಿಯಿಂದ ಎಲ್ಲರೂ ನೀರು ತೆಗೆದುಕೊಳ್ಳಿ. ಬಾಗಿಲು ತೆರೆದಿಟ್ಟಿದ್ದೇನೆ.

ಮನೆ 31 | 6:52
ದೊಡ್ಡ ಉಪಕಾರವಾಯಿತು ಮನೆ 12ರವರೇ.

ಮನೆ 3 | ಮಧ್ಯಾಹ್ನ 12:25
ಸಭೆಗೆ ಐವತ್ತಕ್ಕೂ ಹೆಚ್ಚು ಜನ ಬಂದಿದ್ದರು, ಧನ್ಯವಾದಗಳು. ನೀರಿನ ಅರ್ಜಿಗೆ ಎಲ್ಲರ ಸಹಿ ಆಗಿದೆ. ನಾಳೆ ಬೆಳಿಗ್ಗೆ ಕೊಟ್ಟುಬರುತ್ತೇವೆ. ಟ್ಯಾಂಕರ್ ಸಂಜೆ ಐದಕ್ಕೆ ಗುಡಿಯ ಮುಂದೆ ಬರುತ್ತದೆ.

ಮನೆ 27 | 12:40
ನನ್ನ ಅರ್ಜಿಗೆ ಬಿದ್ದದ್ದು ಆರು ಸಹಿ. ಮನೆ 41, 6, 35, 31, 33, ಮತ್ತು ನನ್ನದು. ನೀರಿನ ಸಾಲಿನಲ್ಲಿ ನಿಂತಾಗ ಎಲ್ಲರ ಬಳಿಯೂ ಹೋಗಿ ಕೇಳಿದೆ, ಆಮೇಲೆ ನೋಡೋಣ ಎಂದರು. ನೀರಿನ ಅರ್ಜಿಗೆ ನಾನೂ ಸಹಿ ಹಾಕಿದ್ದೇನೆ, ಅದು ದೊಡ್ಡದೇ. ಆದರೆ ಆ ಹುಡುಗ ನಿನ್ನೆ ಮನೆಗೆ ಬಂದಿದ್ದಾನೆ. ಅವರ ಅವ್ವ ನನ್ನ ಕೈ ಹಿಡಿದು, ಅಂಗಡಿ ಮುಚ್ಚಿದರೇ ಎಂದು ಕೇಳಿದರು.

ಮನೆ 9 | 12:44
ಮೊದಲು ನೀರು. ಅದು ಮುಗಿದ ಮೇಲೆ ಅದನ್ನೂ ಮಾಡೋಣ.

ಮನೆ 22 | 1:05
(ಹಲವು ಬಾರಿ ರವಾನೆಯಾದ ಸಂದೇಶ) ನೀರನ್ನು ತಾಮ್ರದ ಬಿಂದಿಗೆಯಲ್ಲಿಟ್ಟರೆ ಸಕಲ ರೋಗ ದೂರ.

ಮನೆ 27 | ರಾತ್ರಿ 10:52
ಅರ್ಧ ಶಟರ್ ಎತ್ತಿದೆ. ಮೂವರು ಹುಡುಗರು ನಿಂತಿದ್ದಾರೆ. ನಾನು ಮತ್ತು ಯಜಮಾನರು ಹೋಗಿ ಅಂಗಡಿಯ ಮುಂದೆ ನಿಲ್ಲುತ್ತೇವೆ. ಯಾರಾದರೂ ಬರುತ್ತೀರಾ?

ಮನೆ 41 | 10:54
ಅಮ್ಮ ಮಲಗಿದ್ದಾರೆ. ಬಂದೆ.