ಹಳೇ 1613 ಇಂಜಿನ್ ಕಟ್ಟಿಸುವಾಗ ಎಚ್‌ಪಿ ಜಾಸ್ತಿ ಮಾಡಿಸಬಹುದಾ?

ತಿಪಟೂರು ಲಾರಿ:
ಎಲ್ಲರಿಗೂ ನಮಸ್ಕಾರ. ನನ್ನದು 1999ರ ಟಾಟಾ 1613, ಕಮಿನ್ಸ್ ಇಂಜಿನ್. ಒಳಕ್ಕೆ ಗಾಳಿ ಒತ್ತುವ ಟರ್ಬೋ ಇದೆ, ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಇಲ್ಲ. ಇಲ್ಲಿಂದ ತೆಂಗಿನಕಾಯಿ ತುಂಬಿಕೊಂಡು ಮಂಗಳೂರಿಗೆ ಹೋಗುತ್ತದೆ, ವಾಪಸ್ ಪಣಂಬೂರಿನಿಂದ ಗೊಬ್ಬರ. ಇಳಿಯುವಾಗ ಏನೂ ತೊಂದರೆ ಇಲ್ಲ. ಗುಂಡ್ಯ ದಾಟಿ ಶಿರಾಡಿ ಏರು ಶುರುವಾಯಿತು ಅಂದರೆ ಗಾಡಿ ಎಳೆಯುವುದೇ ಇಲ್ಲ, ಎರಡನೇ ಗೇರಿನಲ್ಲಿ ಗೋಳಾಡಿಕೊಂಡು ಹೋಗಬೇಕು, ಹಿಂದೆ ಬರುವವರಿಗೆಲ್ಲ ಕಪ್ಪು ಹೊಗೆ. ಆಯಿಲ್ ಕೂಡ ಕುಡಿಯುತ್ತಿದೆ, ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ಪಕ್ಕದಿಂದ ಗ್ಯಾಸ್ ಕೆಳಗೆ ನುಗ್ಗುವುದು) ಬೇರೆ. ಇಂಜಿನ್ ಬಿಚ್ಚಲೇಬೇಕು ಅಂತ ಮೇಸ್ತ್ರಿ ಹೇಳಿದ್ದಾರೆ.

ಹೇಗೂ ಬಿಚ್ಚುತ್ತೀವಲ್ಲ, ಇದೇ ಖರ್ಚಿನಲ್ಲಿ ಒಂದಿಷ್ಟು ಎಚ್‌ಪಿ ಜಾಸ್ತಿ ಮಾಡಿಸಿದರೆ ಹೇಗೆ ಅಂತ ಯೋಚನೆ. 160 ಸಿಕ್ಕರೆ ಸಾಕು. ಮೇಸ್ತ್ರಿ ಮೂರು ದಾರಿ ಹೇಳಿದರು: ಬೋರ್ (ಪಿಸ್ಟನ್ ಓಡುವ ತೂತು) ದೊಡ್ಡದು ಮಾಡುವುದು, ಹೆಡ್ ಫೇಸಿಂಗ್ ಹೊಡೆದು (ಇಂಜಿನ್ ಮೇಲಿನ ಮುಚ್ಚಳದ ತಳವನ್ನು ಉಜ್ಜಿ) ಕಂಪ್ರೆಷನ್ ಏರಿಸುವುದು, ಪಂಪಿನಲ್ಲಿ ಡೀಸೆಲ್ ಜಾಸ್ತಿ ಬಿಡುವುದು. ಯಾವುದು ಮಾಡಿಸಲಿ? ಮೂರೂ ಮಾಡಿಸಿಬಿಡಲಾ?

ಗಾಡಿ ಹುಚ್ಚ:
ಅಣ್ಣ, ಸುಮ್ನೆ ಇಂಜಿನ್ನಿಗೆ ದುಡ್ಡು ಸುರೀಬೇಡಿ. ಪಂಪ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಗಾಡಿ ಹಾರುತ್ತದೆ. ನಮ್ಮ ಕಡೆ ಟಿಪ್ಪರ್‌ನವರೆಲ್ಲ ಅದನ್ನೇ ಮಾಡುವುದು.

ಲೇತ್ ಅಂಗಡಿ:
ಹಾರುತ್ತದೆ ನಿಜ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ಅವರ ಇಂಜಿನ್ ಈಗಲೇ ಕಪ್ಪು ಹೊಗೆ ಬಿಡುತ್ತಿದೆ. ಅಂದರೆ ಒಳಗೆ ಹೋಗುತ್ತಿರುವ ಡೀಸೆಲ್ ಸುಡಲು ಗಾಳಿ ಸಾಲುತ್ತಿಲ್ಲ. ಅದರ ಮೇಲೆ ಇನ್ನಷ್ಟು ಡೀಸೆಲ್ ಬಿಟ್ಟರೆ ಹೊಗೆ ಜಾಸ್ತಿ ಆಗುತ್ತದೆ, ಬಿಸಿ ಜಾಸ್ತಿ ಆಗುತ್ತದೆ, ಎಳೆತ ಮಾತ್ರ ಅಷ್ಟಕ್ಕಷ್ಟೇ.

ತಿಪಟೂರು ಅವರೇ, ಮೂರನ್ನೂ ಒಂದೊಂದಾಗಿ ನೋಡೋಣ.

ಬೋರ್ ವಿಷಯ. ಈ ಇಂಜಿನ್ 6ಬಿಟಿ, 5.9 ಲೀಟರ್. ಬೋರ್ 102 ಮಿ.ಮೀ., ಸ್ಟ್ರೋಕ್ 120 ಮಿ.ಮೀ., ಒಟ್ಟು 5883 ಸಿಸಿ. ಇದಕ್ಕೆ ಲೈನರ್ ಇಲ್ಲ, ಪಿಸ್ಟನ್ ನೇರವಾಗಿ ಬ್ಲಾಕಿನಲ್ಲೇ ಓಡುತ್ತದೆ. ಬೋರ್ ಸವೆದಿದ್ದರೆ ಅರ್ಧ ಮಿ.ಮೀ. ಹೊಡೆದು ಓವರ್‌ಸೈಜ್ ಪಿಸ್ಟನ್ ಹಾಕುತ್ತೇವೆ, ಮುಂದಿನ ಸಲ 1 ಮಿ.ಮೀ., ಆಮೇಲೆ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಕೂರಿಸಬೇಕು. ಅರ್ಧ ಮಿ.ಮೀ. ಹೊಡೆದರೆ ಸುಮಾರು 5941 ಸಿಸಿ ಆಗುತ್ತದೆ. ಬರೀ 58 ಸಿಸಿ ಜಾಸ್ತಿ, ನೂರಕ್ಕೆ ಒಂದು ಪಾಲು. ಅದರಿಂದ ಎಚ್‌ಪಿ ಬರಲ್ಲ. ಬೋರ್ ಹೊಡೆಸುವುದು ಸವೆತ ತೆಗೆಯಲು ಮಾತ್ರ. ಇನ್ನೂ ಸ್ಟ್ಯಾಂಡರ್ಡಿನಲ್ಲೇ ನಡೆಯುವ ಬ್ಲಾಕನ್ನು ಪವರ್ ಆಸೆಗೆ ಹೊಡೆಸಿದರೆ ಬ್ಲಾಕಿನ ಒಂದು ಆಯುಷ್ಯ ಸುಮ್ಮನೆ ಕಳೆದಂತೆ.

ಹೆಡ್ ಫೇಸಿಂಗ್ ಹೊಡೆದು ಕಂಪ್ರೆಷನ್ ಏರಿಸುವುದು ಪೆಟ್ರೋಲ್ ಇಂಜಿನ್ನಿನವರ ಬುದ್ಧಿ. ಡೀಸೆಲ್ ಇಂಜಿನ್ನಿನಲ್ಲಿ ಕಂಪ್ರೆಷನ್ ಮೊದಲೇ ಮೇಲಿರುತ್ತದೆ, ಇನ್ನೂ ಏರಿಸಿದರೆ ಸಿಲಿಂಡರ್ ಒಳಗಿನ ಒತ್ತಡ ಏರಿ ಗ್ಯಾಸ್ಕೆಟ್, ಬೇರಿಂಗ್ ತಿನ್ನುತ್ತದೆ. ಹೆಡ್ ಸೊಟ್ಟ ಆಗಿದ್ದರಷ್ಟೇ, ಎಷ್ಟು ಬೇಕೋ ಅಷ್ಟೇ ಹೊಡೆಸಿ. ಬ್ಲಾಕ್ ಮೇಲ್ಭಾಗ ಹೊಡೆಸಿದ್ದರೆ ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಗೇಜ್ ಇಟ್ಟು ಅಳೆಯಬೇಕು, ಅದಕ್ಕೆ ತಕ್ಕ ದಪ್ಪ ಗ್ಯಾಸ್ಕೆಟ್ ಸಿಗುತ್ತದೆ. ಇದನ್ನು ಅಳೆಯದೆ ಕಣ್ಣಂದಾಜಿನಲ್ಲಿ ಕಟ್ಟುವವರೇ ಜಾಸ್ತಿ.

ಪಂಪ್ ಮಾತು ಕೊನೆಗೆ. ಮೊದಲು ಇದು ಹೇಳಿ: ಏರ್ ಫಿಲ್ಟರ್ ಬದಲಾಯಿಸಿ ಎಷ್ಟು ಕಾಲ ಆಯಿತು? ಟರ್ಬೋದಿಂದ ಮ್ಯಾನಿಫೋಲ್ಡಿಗೆ ಹೋಗುವ ಹೋಸ್ ಪೈಪ್ ಹೇಗಿದೆ? ಟರ್ಬೋ ಶಾಫ್ಟ್ ಸಡಿಲವಾಗಿ ಅಲ್ಲಾಡುತ್ತದಾ ಅಂತ ನೋಡಿದ್ದೀರಾ? ಆಕ್ಸಿಲೇಟರ್ ಪೂರ್ತಿ ತುಳಿದಾಗ ಪಂಪಿನ ಲಿವರ್ ಕೊನೆಯ ಸ್ಟಾಪ್ ಮುಟ್ಟುತ್ತದಾ? ಈ ಕೊನೆಯದಕ್ಕೆ ನಗಬೇಡಿ. ಪೆಡಲ್ ಬುಷ್ ಸವೆದು ಲಿವರ್ ಮುಕ್ಕಾಲು ಭಾಗವಷ್ಟೇ ತೆರೆಯುವ ಎಷ್ಟೋ ಗಾಡಿಗಳು ಪವರ್ ಇಲ್ಲ ಅಂತ ಇಂಜಿನ್ ಬಿಚ್ಚಿಸಿಕೊಳ್ಳಲು ಬರುತ್ತವೆ.

ತಿಪಟೂರು ಲಾರಿ:
ಅಣ್ಣ, ನಿಮ್ಮ ಪೋಸ್ಟ್ ಓದಿಕೊಂಡು ಹೋಗಿ ನೋಡಿದೆ. ಫಿಲ್ಟರ್ ಹೊಡೆದು ಹೊಡೆದು ಹಾಕುತ್ತಿದ್ದಾರೆ, ಹೊಸದು ಹಾಕಿದ್ದು ಡ್ರೈವರ್‌ಗೂ ನೆನಪಿಲ್ಲ. ಹೋಸ್ ಪೈಪಿನ ಕ್ಲಿಪ್ಪಿನ ಹತ್ತಿರ ಎಣ್ಣೆ ಜಿಡ್ಡು ಇದೆ, ಇಂಜಿನ್ ರೇಸ್ ಮಾಡಿದರೆ ಸುಯ್ ಅಂತ ಶಬ್ದ. ಲಿವರ್ ಸರಿಯಾಗಿದೆ. ಪಂಪನ್ನು ಹೋದ ವರ್ಷ ಒಂದು ಕಡೆ ಮಾಡಿಸಿದ್ದೆ, ಅವರು ಸೀಲ್ ಒಡೆದು ಏನೋ ತಿರುಗಿಸಿದ್ದಾರೆ. ಹೊಗೆ ಜಾಸ್ತಿ ಆಗಿದ್ದು ಅಲ್ಲಿಂದಲೇ.

ಲೇತ್ ಅಂಗಡಿ:
ಅಲ್ಲಿಗೆ ನಿಮ್ಮ ಎಚ್‌ಪಿ ಎಲ್ಲಿ ಹೋಯಿತು ಅಂತ ಅರ್ಧ ಗೊತ್ತಾಯಿತು. ಎಣ್ಣೆ ಜಿಡ್ಡು ಇರುವ ಜಾಗದಲ್ಲೇ ಟರ್ಬೋ ಗಾಳಿ ಸೋರುತ್ತಿದೆ. ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. 1613ರಲ್ಲಿ 16 ಅಂದರೆ ಟನ್, 13 ಅಂದರೆ 130 ಎಚ್‌ಪಿ ಅಂತ ಲೆಕ್ಕ ಅಲ್ವಾ, ಈಗ ನಿಮ್ಮ ಗಾಡಿಯಲ್ಲಿ ಅಷ್ಟು ಖಂಡಿತ ಇಲ್ಲ. ಮೊದಲು ಆ 130 ವಾಪಸ್ ತನ್ನಿ.

ಮಿಷಿಗನ್ ಗೌಡ:
ನಾನು ಇರುವುದು ಅಮೆರಿಕದಲ್ಲಿ, ನನ್ನ ಹತ್ತಿರ ಇದೇ ಇಂಜಿನ್ನಿನ ಹಳೇ ಡಾಡ್ಜ್ ಪಿಕಪ್ ಇದೆ. ಹೌದು, ಇದೇ 5.9 ಕಮಿನ್ಸ್. 1989ರಲ್ಲಿ ಡಾಡ್ಜ್‌ಗೆ ಹಾಕಿದಾಗ 160 ಎಚ್‌ಪಿ, ಆಗ ಇಂಟರ್‌ಕೂಲರ್ ಕೂಡ ಇರಲಿಲ್ಲ. 1996ರ ಹೊತ್ತಿಗೆ ಮ್ಯಾನುವಲ್ ಗೇರಿನ ಗಾಡಿಯಲ್ಲಿ 215ರವರೆಗೆ ಹೋಯಿತು. ಬ್ಲಾಕ್, ಕ್ರ್ಯಾಂಕ್ ಗಟ್ಟಿ ಇವೆ, 160ಕ್ಕೆ ಅವು ಹೆದರುವುದಿಲ್ಲ. ಆದರೆ 215 ಬಂದದ್ದು ಸ್ಕ್ರೂ ತಿರುಗಿಸಿ ಅಲ್ಲ. ದೊಡ್ಡ ಪಂಪ್, ಬೇರೆ ನಾಜಲ್ (ಒಳಗೆ ಡೀಸೆಲ್ ಚಿಮ್ಮಿಸುವ ತುದಿ), ಬೇರೆ ಪಿಸ್ಟನ್, ಇಂಟರ್‌ಕೂಲರ್, ಎಲ್ಲ ಸೇರಿ.

ಇನ್ನೊಂದು ಮಾತು. ಪಿಕಪ್‌ನಲ್ಲಿ 160 ಅಂದರೆ ಫುಲ್ ಆಕ್ಸಿಲೇಟರ್ ತುಳಿಯುವುದು ಸ್ವಲ್ಪ ಹೊತ್ತು ಅಷ್ಟೇ. ನಿಮ್ಮ ಲಾರಿ 16 ಟನ್ ಹೊತ್ತು ಘಾಟಿಯುದ್ದಕ್ಕೂ ತುಳಿದೇ ಇರುತ್ತದೆ. ಇಂಜಿನ್ ಸಾಯುವುದು ಎಚ್‌ಪಿಯಿಂದ ಅಲ್ಲ, ಬಿಸಿಯಿಂದ. ಟರ್ಬೋಗೆ ಮುಂಚೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಒಂದು ಟೆಂಪರೇಚರ್ ಗೇಜ್ ಹಾಕಿಸಿ. ಏರಿನಲ್ಲಿ ತುಂಬಾ ಹೊತ್ತು 700 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅನ್ನುವುದು ಇಲ್ಲಿನವರ ಲೆಕ್ಕ. ನೀರಿನ ಗೇಜ್ ನೋಡಿಕೊಂಡು ಕೂತರೆ ಆಗಲ್ಲ, ಪಿಸ್ಟನ್ ಕರಗುವಾಗಲೂ ನೀರಿನ ಮುಳ್ಳು ನಡುವೆಯೇ ಇರಬಹುದು. ಈ ಇಂಜಿನ್ನಿನಲ್ಲಿ ಪಿಸ್ಟನ್ ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಣ್ಣಗೆ ಮಾಡುವ ಸಣ್ಣ ಜೆಟ್‌ಗಳಿವೆ, ಕಟ್ಟುವಾಗ ಅವನ್ನು ಒಂದೊಂದಾಗಿ ತೆಗೆದು ಊದಿ ನೋಡಲು ಹೇಳಿ.

ಮುಂದಿನ ಗೇರ್ ಕವರ್ ಬಿಚ್ಚಿದಾಗ ಅಲ್ಲಿರುವ ಡೋವೆಲ್ ಪಿನ್ (ಜೋಡಣೆ ಸರಿಯಾಗಿ ಕೂರಿಸುವ ಸಣ್ಣ ಗೂಟ) ನೋಡಿ. ಅದು ಸಡಿಲವಾಗಿ ಟೈಮಿಂಗ್ ಗೇರ್ ಮೇಲೆ ಬಿದ್ದು ಇಂಜಿನ್ ಕೆಡಿಸಿದ ಕಥೆ ಇಲ್ಲಿ ಬೇಕಾದಷ್ಟಿದೆ. ಪಕ್ಕದ ಬೋಲ್ಟಿಗೆ ಒಂದು ಸಣ್ಣ ಪಟ್ಟಿ ಸಿಕ್ಕಿಸಿ ಪಿನ್ ಹೊರಗೆ ಬರದಂತೆ ತಡೆದರೆ ಮುಗಿಯಿತು.

ಗಾಡಿ ಹುಚ್ಚ:
ಗೇಜ್ ಎಲ್ಲ ಅಮೆರಿಕದಲ್ಲಿ ಸರಿ ಗುರು. ಇಲ್ಲಿ ಡ್ರೈವರ್ ಗೇಜ್ ನೋಡುತ್ತಾನಾ ರೋಡ್ ನೋಡುತ್ತಾನಾ?

ಸಕಲೇಶಪುರ ಡ್ರೈವರ್:
ನಾನು ನೋಡುತ್ತೇನೆ. ಓನರ್ ಹಾಕಿಸಿಕೊಟ್ಟರೆ ನೋಡುತ್ತೇನೆ. ಏರಿನಲ್ಲಿ ಇಂಜಿನ್ ಸೀಜ್ ಆದರೆ ರಾತ್ರಿಯಿಡೀ ರಸ್ತೆಯಲ್ಲಿ ಕಲ್ಲು ಇಟ್ಟುಕೊಂಡು ನಿಲ್ಲುವವನು ನಾನು, ನೀವಲ್ಲ.

ಲೆಕ್ಕದ ಮೇಷ್ಟ್ರು:
ಸ್ವಲ್ಪ ಲೆಕ್ಕ ಹಾಕೋಣ. ತುಂಬಿದ ಗಾಡಿ 16,200 ಕೆಜಿ, ಏರು ನೂರಕ್ಕೆ 5 ಅಂತ ಇಟ್ಟುಕೊಳ್ಳಿ. ಏರಿಗೂ ಟೈರ್ ಉರುಳುವುದಕ್ಕೂ ಸೇರಿ ಗಾಡಿಯನ್ನು ಸುಮಾರು 9,500 ನ್ಯೂಟನ್ ಬಲದಿಂದ ತಳ್ಳಬೇಕು. ಇಂಜಿನ್ನಿನ 130 ಎಚ್‌ಪಿಯಲ್ಲಿ ಗೇರ್‌ಬಾಕ್ಸ್, ಹೌಸಿಂಗ್ (ಹಿಂದಿನ ಆಕ್ಸಲ್) ತಿಂದು ಉಳಿದದ್ದು ಚಕ್ರಕ್ಕೆ 112 ಬಂತು ಅಂದುಕೊಂಡರೆ ಗಂಟೆಗೆ 31 ಕಿ.ಮೀ. ವೇಗ. ಇಂಜಿನ್ 150 ಮಾಡಿದರೆ 36. ಅಂದರೆ ಅಷ್ಟೆಲ್ಲ ಖರ್ಚು ಮಾಡಿ 20 ಎಚ್‌ಪಿ ಜಾಸ್ತಿ ಮಾಡಿದರೂ ಏರಿನಲ್ಲಿ ಸಿಗುವುದು 5 ಕಿ.ಮೀ. ವೇಗ. ಅದೂ ಆ ವೇಗಕ್ಕೆ ಸರಿಯಾದ ಗೇರ್ ಇದ್ದರೆ.

ನಿಮ್ಮ ಗಾಡಿ ಎರಡನೇ ಗೇರಿಗೆ ಬಿದ್ದಿದೆ ಅಂದರೆ ಈಗ 130 ಅಲ್ಲ, 100 ಕೂಡ ಇದೆಯೋ ಇಲ್ಲವೋ. ಹಳೇ ಪವರ್ ವಾಪಸ್ ಬಂದರೆ ಸಿಗುವ ಲಾಭವೇ ದೊಡ್ಡದು.

ತಿಪಟೂರು ಲಾರಿ:
ಲೆಕ್ಕ ನೋಡಿ ಸ್ವಲ್ಪ ಬೇಜಾರಾಯಿತು, ಆದರೆ ದುಡ್ಡು ಉಳಿಯಿತು 😄 ಹಾಗಾದರೆ ಇಂಟರ್‌ಕೂಲರ್? ಗುಜರಿಯಲ್ಲಿ ಬೇರೆ ಗಾಡಿಯದು ಸಿಗುತ್ತದೆ ಅಂತಾರೆ.

ಲೇತ್ ಅಂಗಡಿ:
ದುಡ್ಡು ಹಾಕಲೇಬೇಕು ಅಂದರೆ ಅದಕ್ಕೇ ಹಾಕಿ. ಟರ್ಬೋ ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ. 130 ಡಿಗ್ರಿ ಗಾಳಿಯನ್ನು 60ಕ್ಕೆ ಇಳಿಸಿದರೆ ಅಷ್ಟೇ ಜಾಗದಲ್ಲಿ ನೂರಕ್ಕೆ 20ರಷ್ಟು ಜಾಸ್ತಿ ಗಾಳಿ ಹಿಡಿಸುತ್ತದೆ. ಕೂಲರ್ ಒಳಗೆ ಒತ್ತಡ ಸ್ವಲ್ಪ ಬೀಳುತ್ತದೆ, ಹಾಗಾಗಿ ಪೂರ್ತಿ 20 ಸಿಗಲ್ಲ, ಆದರೂ ಡೀಸೆಲ್ ಜಾಸ್ತಿ ಮಾಡದೆಯೇ ಹೊಗೆ ಕಮ್ಮಿ, ಬಿಸಿ ಕಮ್ಮಿ. ಆಮೇಲೆ ಬೇಕಿದ್ದರೆ ಪಂಪನ್ನು ಸ್ವಲ್ಪ ಏರಿಸಬಹುದು. ಆದರೆ ಕೂಲರ್ ರೇಡಿಯೇಟರ್ ಮುಂದೆ ಕೂರುತ್ತದೆ, ರೇಡಿಯೇಟರಿಗೆ ಬಿಸಿ ಗಾಳಿ ಬರುತ್ತದೆ. ರೇಡಿಯೇಟರ್ ಕ್ಲೀನ್ ಇರಬೇಕು, ಫ್ಯಾನ್ ಸುತ್ತ ಗಾಳಿ ತಪ್ಪದಂತೆ ತಡೆಯುವ ಶ್ರೌಡ್ ಇರಬೇಕು. ಗುಜರಿ ಮಾಲು ತಂದರೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟು ಸೋರಿಕೆ ನೋಡಿ. ಹಳೇ ಟರ್ಬೋ ಒಡೆದ ಗಾಡಿಯದಾದರೆ ಒಳಗೆ ಲೋಹದ ಚೂರು ಇರುತ್ತದೆ, ಅದು ಸೀದಾ ನಿಮ್ಮ ಹೊಸ ಬೋರಿಗೆ ಬರುತ್ತದೆ.

ಪಂಪನ್ನು ಮಾತ್ರ ಗಾಡಿ ಮೇಲೆ ತಿರುಗಿಸಬೇಡಿ. ಟೆಸ್ಟ್ ಬೆಂಚ್ ಇರುವ, ನಿಮ್ಮ ಪಂಪಿನ ನೇಮ್‌ಪ್ಲೇಟ್ ನಂಬರಿನ ಚಾರ್ಟ್ ಇಟ್ಟುಕೊಂಡ, ಡೀಸೆಲ್ ಪಂಪ್ ರಿಪೇರಿಯ ಮೈಕೋ ಅಂಗಡಿಗೆ ಕೊಡಿ. ಈಗ ಬಾಷ್ ಅಂತ ಹೆಸರು ಆದರೂ ನಾವೆಲ್ಲ ಮೈಕೋ ಅನ್ನುವುದೇ. ಆರೂ ಲೈನಿಗೆ ಸಮ ಡೀಸೆಲ್ ಬರಬೇಕು. ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಮ್ಮಿ ಬಂದರೆ ಜಾಸ್ತಿ ಬರುವ ಪಿಸ್ಟನ್ನೇ ಮೊದಲು ಸುಡುತ್ತದೆ. ನಾಜಲ್‌ಗಳೂ ಜೊತೆಗೇ ಹೋಗಲಿ. ಹೆಡ್ ಕಟ್ಟಿದ ಮೇಲೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಯಲ್ಲಿ ಬಿಡುವ ಸಂದು) ಇನ್‌ಲೆಟ್ 0.25, ಎಕ್ಸಾಸ್ಟ್ 0.51 ಮಿ.ಮೀ., ಇಂಜಿನ್ ತಣ್ಣಗಿರುವಾಗ. ಕ್ಯಾಮ್ ಶಾಫ್ಟ್ ಹೊರಗೆ ಬಂದಾಗ ಟ್ಯಾಪೆಟ್ ಮುಖಗಳನ್ನೂ ನೋಡಿ, ಗುಂಡಿ ಬಿದ್ದಿದ್ದರೆ ವಾಲ್ವ್ ಪೂರ್ತಿ ತೆರೆಯಲ್ಲ, ಆಮೇಲೆ ಎಷ್ಟು ಟರ್ಬೋ ಇದ್ದರೂ ಅಷ್ಟೇ.

ಸಕಲೇಶಪುರ ಡ್ರೈವರ್:
ಕ್ಲಚ್ ಪ್ಲೇಟ್ ಮರೀಬೇಡಿ. ಇಂಜಿನ್ ಇಳಿಸಿದಾಗಲೇ ಪ್ಲೇಟು, ಪ್ರೆಷರ್ ಪ್ಲೇಟು ಹಾಕಿಸಿ. ಎಳೆತ ಜಾಸ್ತಿ ಮಾಡಿ ಹಳೇ ಕ್ಲಚ್ಚಿನಲ್ಲಿ ಹೋದರೆ ಮಾರನಹಳ್ಳಿ ತಿರುವಿನಲ್ಲೇ ವಾಸನೆ ಬರುತ್ತದೆ.

ಲೆಕ್ಕದ ಮೇಷ್ಟ್ರು:
ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೂಡ ನೋಡಿಕೊಳ್ಳಿ. ಕಂಪನಿ ಕೊಟ್ಟ ರೂಪ ಬದಲಾಯಿಸುವ ಹಾಗಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಹೊಗೆ ಪರೀಕ್ಷೆಯಲ್ಲಿ ಇಂಥ ಹಳೇ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್‌ರಿಜ್ (ಹೊಗೆ ಎಷ್ಟು ಕಪ್ಪು ಅಂತ ಅಳೆಯುವ ಮಾನ). ಈಗಿನ ಹೊಗೆಗೆ ಪಾಸಾಗುವುದು ಕಷ್ಟ.

ತಿಪಟೂರು ಲಾರಿ:
ಸರಿ, ಹೀಗೆ ಮಾಡುತ್ತೇನೆ. ಬೋರ್ ಅಳತೆ ನೋಡಿ ಬೇಕಾದರೆ ಮಾತ್ರ ಅರ್ಧ ಮಿ.ಮೀ., ಹೆಡ್ ಸುಮ್ಮನೆ ಮುಟ್ಟಲ್ಲ, ಪಂಪು ನಾಜಲ್ ಬೆಂಚಿಗೆ, ಹೊಸ ಫಿಲ್ಟರ್, ಹೋಸ್ ಪೈಪು, ಕ್ಲಚ್, ಎಕ್ಸಾಸ್ಟ್ ಗೇಜ್. ಇಂಟರ್‌ಕೂಲರ್ ಆಮೇಲೆ ನೋಡೋಣ. ಒಂದೇ ಪ್ರಶ್ನೆ ಉಳಿದಿದೆ. ಕಟ್ಟಿದ ಮೇಲೆ ನಿಧಾನಕ್ಕೆ ಖಾಲಿ ಗಾಡಿ ಓಡಿಸಿ ಅಂತಾರೆ, ಸೀದಾ ಲೋಡ್ ಹಾಕಬಹುದಾ?

ಲೇತ್ ಅಂಗಡಿ:
ತುಂಬಾ ಹೊತ್ತು ಐಡ್ಲಿಂಗಿನಲ್ಲಿ ಬಿಡಬೇಡಿ, ಖಾಲಿ ಗಾಡಿಯನ್ನೂ ಸುತ್ತಿಸಬೇಡಿ, ರಿಂಗ್ ಕೂರಲ್ಲ, ಬೋರ್ ಗಾಜಿನಂತೆ ನುಣ್ಣಗಾಗಿ ಮತ್ತೆ ಆಯಿಲ್ ಕುಡಿಯುತ್ತದೆ. ಅರ್ಧ ಲೋಡ್ ಹಾಕಿ ಬಯಲು ರಸ್ತೆಯಲ್ಲಿ ಓಡಿಸಿ, ತಿಪಟೂರು ಅರಸೀಕೆರೆ ಕಡೆ. ಗೇರ್ ಬದಲಾಯಿಸುತ್ತಾ ಎಳೆಸಿ, ಬಿಡಿ, ಮತ್ತೆ ಎಳೆಸಿ. ಆಮೇಲೆ ಆಯಿಲ್, ಫಿಲ್ಟರ್ ಬದಲಾಯಿಸಿ, ಟ್ಯಾಪೆಟ್ ಇನ್ನೊಮ್ಮೆ ನೋಡಿಸಿ. ಶಿರಾಡಿಗೆ ಫುಲ್ ಲೋಡ್ ಅದರ ನಂತರವೇ.